ರೊಟ್ಟಿಯ ಸದ್ದು

"ಯಾಕೆ ನಿಲ್ಲಿಸಿದೆ ಸಾವಂತ್ರಿ? ಬಡಿ," ಅಂದಳು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅತ್ತೆ ಅಜ್ಜಮ್ಮ.

ಒಲೆಯ ಮುಂದೆ ಜೋಳದ ಹಿಟ್ಟು ಹಿಡಿದು ಕೂತಿದ್ದ ಸೊಸೆಯ ಹೆಸರು ಸಾವಂತ್ರಿ ಅಲ್ಲ, ಗಿಡ್ಡಮ್ಮ. ಸಾವಂತ್ರಮ್ಮ ಅವಳ ಗಂಡ ಬಂಗಾರಪ್ಪನ ಮೊದಲ ಹೆಂಡತಿ. ತೀರಿಹೋಗಿ ನಾಲ್ಕು ವರ್ಷ. ಸತ್ತವಳಿಗೆ ಹೊಟ್ಟೆಕಿಚ್ಚಾಗದಿರಲೆಂದು ಎರಡನೆಯವಳ ಕೊರಳಿಗೆ ಅವಳ ನೆನಪಿನ ಬೆಳ್ಳಿ ಬಿಲ್ಲೆ ಕಟ್ಟಿ, ಅವಳ ಹೆಸರಿನಿಂದಲೇ ಕರೆಯುವುದು ಆ ಮನೆಯ ಪದ್ಧತಿ. ಹೊಸ ಸೀರೆಯನ್ನೂ ಮೊದಲು ಬಿಲ್ಲೆಗೆ ತಾಕಿಸಿಯೇ ಉಡಬೇಕು. ಮೂರು ವರ್ಷದಿಂದ ಗಂಡನೂರಾದ ತ್ಯಾವಣಿಗೆಯಲ್ಲಿ ಅವಳನ್ನು ಗಿಡ್ಡಮ್ಮ ಅಂದವರಿಲ್ಲ.

ಅದಕ್ಕೆ ಅವಳು ಬೇಸರಪಟ್ಟವಳೂ ಅಲ್ಲ. ಆದರೆ ಮೊನ್ನೆ ಪಂಚಮಿಗೆ ತವರಾದ ಕೆರೆಬಿಳಚಿಗೆ ಹೋದಾಗ ಅವ್ವ ಹಿತ್ತಲಿಂದ "ಗಿಡ್ಡೀ" ಎಂದು ಮೂರು ಸಲ ಕೂಗಿದ್ದಳು. ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಇವಳು ಹೂ ಕಟ್ಟುತ್ತಲೇ ಕೂತಿದ್ದಳು. "ಕಿವಿ ಗಂಡನ ಮನ್ಯಾಗೆ ಬಿಟ್ಟು ಬಂದೀಯೇನೆ?" ಎಂದು ಅವ್ವ ನಕ್ಕಳು. ಇವಳಿಗೆ ಅಂದಿನಿಂದ ಊಟ ಸೇರುತ್ತಿರಲಿಲ್ಲ.

"ಅತ್ತೆ, ಗಿಡ್ಡಿ ಅಂಬೋಳು ಅದಾಳೋ ಹೋದ್ಲೋ ನಂಗೇ ತಿಳೀತಿಲ್ಲ. ಸಾವಂತ್ರಕ್ಕನೂ ನಾನಲ್ಲ. ಮತ್ತೆ ಇಲ್ಲಿ ಕೂತಿರೋಳು ಯಾರ್ರೀ?"

ಅಜ್ಜಮ್ಮನ ಕಣ್ಣಿಗೆ ಪೊರೆ ಬಂದು ಐದು ವರ್ಷವಾಗಿತ್ತು. ಈ ಸೊಸೆಯ ಮುಖವನ್ನು ಅವಳು ಕಂಡೇ ಇರಲಿಲ್ಲ.

"ಹುಚ್ಚು ಹುಡುಗಿ. ನಂಗೆ ರೊಟ್ಟಿ ಸದ್ದು ಸಾಕು. ಆಕೆದು ಮಳೆ ಹೊಡದಂಗೆ, ಒಂದೇ ಸಮ. ನೀನು ನಾಕು ಬಡಿದು ಒಂದೀಟು ನಿಲ್ತೀಯ. ಬಂದ ದಿನದಿಂದ ಕೇಳ್ತಾ ಇದೀನಿ. ಒಂದಿನಾನೂ ನಿನ್ನ ಆಕೆ ಅನ್ಕಂಡಿಲ್ಲ."

ಗಿಡ್ಡಮ್ಮ ಕಿವಿಗೊಟ್ಟು ಬಡಿದಳು. ನಾಲ್ಕಾಯಿತು, ಐದಾಯಿತು; ಎಲ್ಲಿ ನಿಲ್ಲಬೇಕೆಂದು ಕೈಗೇ ತಿಳಿಯಲಿಲ್ಲ. ರೊಟ್ಟಿ ಅಂಚಿನಲ್ಲಿ ಹರಿಯಿತು.

"ಇಲ್ಲ ಅತ್ತೆ. ಅದೂ ಹೋಗೈತೆ."

"ಹಂಗೆ ಕಾವಲು ಕೂತ್ರೆ ಬರ್ತೈತೇನೆ? ಇರ್ಲಿ. ಪಂಚಮಿಗೆ ನಿಮ್ಮವ್ವ ಏನು ಉಂಡೆ ಕಟ್ಟಿದ್ಲು, ಅದನ್ನ ಹೇಳು."

"ಶೇಂಗಾದ್ದು. ಈ ಯುದ್ಧ ಶುರುವಾದಾಗಿಂದ ಅಂಗಡ್ಯಾಗೆ ಒಳ್ಳೆ ಬೆಲ್ಲ ಎಲ್ಲೈತ್ರೀ? ಕಟ್ಟಿದ್ದೆಲ್ಲ ಪುಡಿಪುಡಿ. ನಮ್ಮಪ್ಪ ಬೊಗಸ್ಯಾಗೆ ಹಾಕ್ಕಂಡು ಮುಕ್ಕಿದ. ಮೀಸೆ ತುಂಬಾ ಶೇಂಗಾ!"

ಅವಳಿಗೆ ನಗು ಬಂತು. ಹರಿದದ್ದನ್ನು ಮತ್ತೆ ನಾದಿ ಹಲಗೆಗೆ ಹಾಕಿದಳು. ಅಪ್ಪನ ಮೀಸೆಯನ್ನು ಕೋಳಿ ಕುಕ್ಕಲು ಬಂದದ್ದನ್ನು ಹೇಳುತ್ತಾ ರೊಟ್ಟಿ ಬಡಿಯುತ್ತಾ ಹೋದಳು.

ಬಾಗಿಲಲ್ಲಿ ಅಜ್ಜಮ್ಮನ ಬೆರಳು ಆ ಸದ್ದಿನ ಜೊತೆಗೇ ತೊಡೆಯ ಮೇಲೆ ಆಡುತ್ತಿತ್ತು. ನಾಲ್ಕು ಸಲ ತಟ್ಟಿ, ಒಂದಿಷ್ಟು ತಡೆದು, ಮತ್ತೆ ನಾಲ್ಕು.