ಫ್ರೇಮಿನ ಅಂಚಿನ ಹಲ್ಲು

ಮೆಟ್ಟುಗತ್ತಿಯನ್ನು ಕಾಲಡಿಗೆ ಒತ್ತಿಕೊಂಡು ಶಂಕರಿ ಬೆಳಚು ಬಿಚ್ಚುತ್ತಿದ್ದಳು. ಚಿಪ್ಪಿನ ಸಂದಿಗೆ ಅಲಗು ಸಿಗಿಸಿ ಒಂದು ತಿರುವು ತಿರುವಿದರೆ ಎರಡು ಹೋಳು. ಮಾಂಸವಿದ್ದದ್ದು ಪಾತ್ರೆಗೆ, ಬರಿದಾದದ್ದು ತೆಂಗಿನ ಬುಡಕ್ಕೆ. ಪಾತ್ರೆ ಅರ್ಧ ತುಂಬುವ ಹೊತ್ತಿಗೆ ಅವರ್ಸಾದ ಆ ಅಂಗಳಕ್ಕೆ ನಾಗಿ ನುಗ್ಗಿದಳು. ಮೀನಿನ ಬುಟ್ಟಿ ತಲೆಯ ಮೇಲಿಲ್ಲ, ಕಂಕುಳಲ್ಲಿ. ಅಂದರೆ ಅಂಕೋಲೆಯ ಪೇಟೆಯಲ್ಲಿ ವ್ಯಾಪಾರ ಅರ್ಧಕ್ಕೆ ಬಿಟ್ಟು ಬಂದಿದ್ದಾಳೆ.

"ಏ ಶಂಕರೀ, ಬೆಳಚು ಆಮೇಲೆ ಬಿಚ್ಚು. ಮೊದ್ಲು ಇದ್ನ ನೋಡು."

ದಪ್ಪ ಕಾಗದದ ಆಮಂತ್ರಣ ಪತ್ರಿಕೆ. ಧಾರವಾಡದ ಪ್ರಕಾಶನವೊಂದು ಕಾರವಾರದ ಹಳೆಯ ಫೋಟೋಗಳ ಪುಸ್ತಕ ತರುತ್ತಿತ್ತು. ಮುಖಪುಟದ ಚಿತ್ರವನ್ನೇ ಆಮಂತ್ರಣದ ಮೇಲೂ ಅಚ್ಚು ಹಾಕಿದ್ದರು: ಕಡಲದಂಡೆ, ಹಿಂದೆ ಎಳೆಯುತ್ತಿರುವ ಬಲೆ, ಮುಂದೆ ಹತ್ತೊಂಬತ್ತು ವರ್ಷದ ಹುಡುಗಿ, ತಲೆಯ ಮೇಲೆ ಬುಟ್ಟಿ, ಆಕಾಶದತ್ತ ತೆರೆದ ಬಾಯಿ. ಆ ಹುಡುಗಿ ನಾಗಿ. ಕೆಳಗೆ ಬರೆದಿತ್ತು: 'ಕಡಲ ಹಾಡು. ಛಾಯಾಚಿತ್ರ: ದಿವಂಗತ ಮಹಾಬಲೇಶ್ವರ.'

"ಹಾಡಂತೆ!" ನಾಗಿ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. "ತೂಕದಲ್ಲಿ ಮೋಸ ಮಾಡಿದ ದಲಾಲಿಯ ಏಳು ತಲೆಮಾರು ಎತ್ತಿ ಬೈತಾ ಇದ್ದೆ ನಾನು. ಅದ್ನ ಕೇಳ್ದೋಳು ನೀನು, ತೆಗ್ದೋಳು ನೀನು. ಮಾಬ್ಲು ಸಾವಕಾರ್ರು ಅವತ್ತು ಶಿರಸಿಲಿ ಮದ್ವೆ ಫೋಟೋ ತೆಗೀತಿದ್ರು. ಹೌದೋ ಅಲ್ವೋ?"

"ಹೌದು."

"ಮತ್ತೆ ಆ ಕಾಗ್ದ ಎಲ್ಲದೆ?"

ಶಂಕರಿ ಇನ್ನೊಂದು ಬೆಳಚು ಎತ್ತಿಕೊಂಡಳು.

ಆ ಕಾಗದ ಮೂರು ವರ್ಷದಿಂದ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಮಲಗಿತ್ತು. ಇದೇ ಪ್ರಕಾಶನ ಇದೇ ಚಿತ್ರವನ್ನು ಕ್ಯಾಲೆಂಡರಿಗೆ ಹಾಕಿದಾಗ ಬರೆದದ್ದು. ನಲವತ್ತರ ವಯಸ್ಸಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳಿಗೆ ಒಂದೂವರೆ ಪುಟ ಬರೆಯಲು ಹನ್ನೊಂದು ದಿನ ಹಿಡಿದಿತ್ತು. 'ಆ ಫೋಟೋ ನನ್ನದು' ಎಂಬ ಮೂರು ಪದಕ್ಕೆ ಅಷ್ಟು ಸುತ್ತು. ಬರೆದು ಮುಗಿಸುವಷ್ಟರಲ್ಲಿ ಮಹಾಬಲೇಶ್ವರ ಹಾಸಿಗೆ ಹಿಡಿದರು. ಹದಿನಾರರ ಹುಡುಗಿಯಾಗಿ ಕಾರವಾರದ ಅವರ ಸ್ಟುಡಿಯೋದಲ್ಲಿ ಕಸ ಗುಡಿಸಲು ಸೇರಿದವಳಿಗೆ ಫಿಲ್ಮು ತೊಳೆಯುವುದು, ಕ್ಯಾಮೆರಾ ಬಿಚ್ಚುವುದು, ಕೊನೆಗೆ ಕಣ್ಣಿಟ್ಟು ನೋಡುವುದನ್ನು ಕಲಿಸಿದ ಮನುಷ್ಯ. ಅವರು ನರಳುತ್ತಿರುವಾಗ ಹೇಗೆ ಕಳಿಸುವುದು? ಆಮೇಲೆ ಅವರು ತೀರಿಕೊಂಡರು. ಸತ್ತವರ ಮೇಲೆ ಹೇಗೆ ದೂರು ಕಳಿಸುವುದು?

"ಬದ್ಕಿದ್ದಾಗ ಮರ್ಯಾದೆ, ಸತ್ಮೇಲೆ ಸೂತಕ," ಎಂದಳು ನಾಗಿ. "ನಿನ್ನ ಕಾಗ್ದಕ್ಕೆ ಮುಹೂರ್ತ ಯಾವಾಗ? ನೀನು ಸತ್ಮೇಲೋ?"

ಆಮಂತ್ರಣದಲ್ಲಿ ಫೋನ್ ನಂಬರಿತ್ತು. ನಾಗಿಯೇ ಒತ್ತಿ ಶಂಕರಿಯ ಕಿವಿಗೆ ಹಿಡಿದಳು. ಆ ಕಡೆ ಗಾಯತ್ರಿ ಎಂಬ ಸಂಪಾದಕಿ. ಮಾತು ಪೂರ್ತಿ ಕೇಳಿ, ಸ್ಟುಡಿಯೋದ ಯಜಮಾನರ ಮಗ ಸುನೀಲನನ್ನು ವಿಚಾರಿಸಿ ಸಂಜೆಗೆ ತಿರುಗಿ ಫೋನ್ ಮಾಡಿದಳು.

"ನೋಡ್ರಿ ಅಮ್ಮಾ, ಸ್ಟುಡಿಯೋದಾಗ ಒಂದೇ ನಮೂನಿ ಎರಡು ಕ್ಯಾಮೆರಾ ಇದ್ದದ್ದು ಖರೆ ಅಂತಾರ ಅವರು. ಒಂದು ಅವರ ತಂದೀದು, ಬಿಡುಗಡೆ ದಿನದ ಪ್ರದರ್ಶನದಾಗ ಗಾಜಿನ ಪೆಟ್ಟಿಗ್ಯಾಗ ಇಡಾಕತ್ತಾರ. ಎಲ್ಲಾ ಚಿತ್ರಾನೂ ಅದರಾಗ ತಗದದ್ದಂತ. ಇನ್ನೊಂದು ನಿಮಗ ಕೊಟ್ಟದ್ದು ಮೊದಲಿಂದ ಕೆಟ್ಟದ್ದು, ಅದರಾಗ ಒಂದು ಫೋಟೋನೂ ಬಿದ್ದಿಲ್ಲ ಅಂತಾರ್ರಿ."

"ಬಿದ್ದದೆ."

"ಹಂಗಾರ ಬರದು ಕಳಸ್ರಿ. ಫೋನಿನ ಮಾತು ಫೈಲಿಗೆ ಹತ್ತೂದಿಲ್ರಿ. ನಾಳೆ ಬಿಟ್ಟು ಮುಂದಿನ ಸೋಮವಾರ ಪುಸ್ತಕ ಅಚ್ಚಿಗೆ ಹೊಕ್ಕೈತಿ."

ಅಂದರೆ ಶುಕ್ರವಾರದೊಳಗೆ ಅಂಚೆಗೆ ಬೀಳಬೇಕು. ಅಂದು ಭಾನುವಾರ.

ಶಂಕರಿ ಭೂತಗನ್ನಡಿ ತಂದು ಆಮಂತ್ರಣದ ಚಿತ್ರವನ್ನು ಬೆಳಕಿಗೆ ಹಿಡಿದಳು. ಈಗಿನವರ ಷೋಕಿಯಂತೆ ಫ್ರೇಮಿನ ಸುತ್ತಲಿನ ಕಪ್ಪು ಅಂಚನ್ನೂ ಕತ್ತರಿಸದೆ ಅಚ್ಚು ಹಾಕಿದ್ದರು. ಎಡಗಡೆಯ ಕೆಳಮೂಲೆಯಲ್ಲಿ, ಕಪ್ಪು ಅಂಚಿನೊಳಕ್ಕೆ ಮರಳಿನ ಬಿಳುಪು ಒಂದು ಹಲ್ಲಿನಂತೆ ಚಾಚಿತ್ತು. ಎಳ್ಳಿಗಿಂತ ಚಿಕ್ಕದು, ಸ್ವಲ್ಪ ಸೊಟ್ಟ.

"ನೋಡು," ಎಂದಳು.

"ಎಂತಾ? ಅಚ್ಚು ತಪ್ಪಿದ್ದು."

"ತಪ್ಪಲ್ಲ. ನಾನೇ ಅರ ಹಾಕಿ ಕೊರ್ದದ್ದು."

ಎರಡೂ ಕ್ಯಾಮೆರಾಗಳ ಫಿಲ್ಮನ್ನು ಒಂದೇ ಡಬ್ಬಿಯಲ್ಲಿ ತೊಳೆಯುತ್ತಿದ್ದ ಕಾಲ. ಮಸುಕಾದ ಫೋಟೋ ಸಿಕ್ಕಿದರೆ ಅದು ಶಂಕರಿಯದು, ಚೆನ್ನಾದದ್ದು ಸಾವಕಾರರದು ಎಂಬುದು ಸ್ಟುಡಿಯೋದ ನ್ಯಾಯ. ಬೈಸಿಕೊಂಡು ಬೇಸತ್ತು, ಒಂದು ದಿನ ತನ್ನ ಕೈಯ ಕ್ಯಾಮೆರಾದ ಬೆನ್ನು ತೆರೆದು, ಫಿಲ್ಮಿನ ಮೇಲೆ ಬೆಳಕು ಬೀಳುವ ಚೌಕಟ್ಟಿನ ಒಂದು ಮೂಲೆಗೆ ಸಣ್ಣ ಅರದಿಂದ ಗೀರು ಹಾಕಿದಳು. ಆಮೇಲೆ ಅವಳು ತೆಗೆದ ಪ್ರತಿ ಫ್ರೇಮಿಗೂ ಒಂದು ಹಲ್ಲು. ಹಲ್ಲಿಲ್ಲದ ಮಸುಕು ಫೋಟೋಗಳನ್ನು ಒಂದು ದಿನ ಸಾವಕಾರರ ಮುಂದೆ ಸಾಲಾಗಿ ಇಟ್ಟಳು. ಅವರು ಬೈಯುವುದನ್ನು ನಿಲ್ಲಿಸಿದರು.

ಆ ಕ್ಯಾಮೆರಾ ಈಗಲೂ ಅವಳಲ್ಲಿತ್ತು. ಆದರೆ ಸತ್ತಿತ್ತು. ಕೊಂದವಳೂ ಅವಳೇ.

ಉಪ್ಪುಗಾಳಿಯ ಊರಲ್ಲಿ ಕಬ್ಬಿಣ ಕಂಡರೆ ತೆಂಗಿನೆಣ್ಣೆ ಸವರುವುದು ರೂಢಿ. ಬಾಗಿಲ ತಿರುಗುಣಿಗೆ, ಬೀಗಕ್ಕೆ, ಕತ್ತಿಗೆ, ಹೊಲಿಗೆ ಮಿಷನ್ನಿಗೆ. ಸ್ಟುಡಿಯೋ ಮುಚ್ಚಿದ ವರ್ಷ, ಮಳೆಗಾಲಕ್ಕೆ ಮೊದಲು, ತುಕ್ಕು ಹಿಡಿಯಬಾರದೆಂದು ಶಂಕರಿ ತನ್ನ ಕ್ಯಾಮೆರಾದ ಹೊಟ್ಟೆಗೂ ಎಂಟು ಹನಿ ಬಿಟ್ಟಿದ್ದಳು. ಪ್ರೀತಿಯಿಂದಲೇ. ತುಕ್ಕೇನೋ ಹಿಡಿಯಲಿಲ್ಲ. ಎಣ್ಣೆ ಅಂಟಾಗಿ, ಬೆಳಕು ಬಿಡಲು ಒಂದರ ಹಿಂದೊಂದು ಓಡಬೇಕಾದ ಷಟರಿನ ಎರಡು ಬಟ್ಟೆ ಪರದೆಗಳು ಒಂದಕ್ಕೊಂದು ಹತ್ತಿಕೊಂಡವು. ಅಂಕೋಲಾ ಪೇಟೆಯ ಹಿಂದಿನ ಓಣಿಯಲ್ಲಿ ಮೇಜು ಹಾಕಿಕೊಂಡು ಇಪ್ಪತ್ತು ವರ್ಷ ಊರವರ ಕ್ಯಾಮೆರಾಗಳನ್ನೆಲ್ಲ ಬದುಕಿಸಿದವಳು ಇದೊಂದನ್ನು ಮುಟ್ಟಿರಲಿಲ್ಲ. ನಾಚಿಕೆ.

"ಬರೀ ಗೀರು ತೋರ್ಸಿದ್ರೆ, ನಿನ್ನೆ ಕೊರ್ದಳೆ ಅಂಬ ಆ ಸುನೀಲ," ಎಂದಳು ನಾಗಿ. "ಕೆಟ್ಟದ್ದು ಅಂದ್ನಲ್ಲ, ಅದ್ರಲ್ಲೇ ಒಂದು ಫೋಟೋ ತೆಗ್ದು ಅವ್ನ ಮೋರೆಗೆ ಹೊಡಿ. ನಾನು ನಿಲ್ತೆ."

ಸೋಮವಾರ ಬೆಳಗ್ಗೆ ಶಂಕರಿ ಮೇಜಿನ ಮೇಲಿದ್ದ ಬೇರೆ ಕೆಲಸವನ್ನೆಲ್ಲ ಬದಿಗೆ ಸರಿಸಿದಳು. ಈಚೆಗೆ ಕಾಲೇಜಿನ ಹುಡುಗಿಯರಿಗೆ ಅಮ್ಮಂದಿರ ಕಾಲದ ಪುಟ್ಟ ಡಿಜಿಟಲ್ ಕ್ಯಾಮೆರಾಗಳ ಹುಚ್ಚು ಹತ್ತಿತ್ತು. ಲೆನ್ಸಿನ ಸಂದಿಯಲ್ಲಿ ಮರಳು, ಬ್ಯಾಟರಿಯ ತಗಡಿಗೆ ಹಸಿರು ಕಿಲುಬು. ವಿನೆಗರಿನಲ್ಲಿ ಅದ್ದಿದ ಹತ್ತಿ, ಮೇಲೊಂದು ರಬ್ಬರು ಉಜ್ಜಿದರೆ ಎದ್ದು ಕೂರುತ್ತಿದ್ದವು. ರಷ್ಯಾದ ಈ ಹಳೆಯ ಕಬ್ಬಿಣಗಟ್ಟಿ ಹಾಗಲ್ಲ. ಮೇಲಿನ ಮುಚ್ಚಳ ತೆಗೆದ ಕೂಡಲೇ ಕಮಟು ಎಣ್ಣೆಯ ವಾಸನೆ ಓಣಿಗೆಲ್ಲ ಹಬ್ಬಿತು.

ಒಂದೊಂದು ತಿರುಪನ್ನೂ ಕಳಚಿದ ಕ್ರಮದಲ್ಲೇ ಬೆಳಚಿನ ಚಿಪ್ಪುಗಳಲ್ಲಿ ಇಟ್ಟಳು. ಲೈಟರಿಗೆ ತುಂಬುವ ಪೆಟ್ರೋಲಿನಲ್ಲಿ ಕುಂಚ ಅದ್ದಿ ಹಲ್ಲುಚಕ್ರಗಳನ್ನು ತೊಳೆದಳು. ಪರದೆಗಳನ್ನು ಎಳೆದು ಬಿಡಿಸಲಿಲ್ಲ; ಎಳೆದರೆ ಹರಿಯುತ್ತದೆ. ಒದ್ದೆ ಮಾಡುವುದು, ಕಾಯುವುದು, ಮತ್ತೆ ಒದ್ದೆ ಮಾಡುವುದು. ಮಂಗಳವಾರ ಮಧ್ಯಾಹ್ನ ಮೊದಲ ಪರದೆ ಸಡಿಲಾಯಿತು. ಹಿಂದೆ ಟಾರ್ಚು ಹಿಡಿದರೆ ಬಟ್ಟೆಯಲ್ಲಿ ನಕ್ಷತ್ರದಂತೆ ತೂತುಗಳು. ಸೈಕಲ್ ಪಂಕ್ಚರಿನ ಸೊಲ್ಯೂಶನ್ನಿಗೆ ದೀಪದ ಕಾಡಿಗೆ ಕಲಸಿ ತೆಳ್ಳಗೆ ಹಚ್ಚಿದಳು.

ಬುಧವಾರ ಸುನೀಲ ಬಂದ. ಕಾರನ್ನು ಓಣಿಯ ಬಾಯಲ್ಲಿ ಬಿಟ್ಟು, ಮೇಜಿನ ಮುಂದಿನ ಸ್ಟೂಲಿನ ಮೇಲೆ ಕುಳಿತ. ಚಿಕ್ಕವನಿದ್ದಾಗ ಇವಳ ಸೊಂಟದ ಮೇಲೆ ಕುಳಿತು ಕಡಲು ನೋಡಿದ ಹುಡುಗ.

"ಶಂಕರಕ್ಕಾ, ಧಾರವಾಡದವ್ರಿಗೆ ಏನೇನೋ ಹೇಳಿದ್ಯಂತೆ."

"ಏನೇನೋ ಅಲ್ಲ. ಒಂದೇ ಹೇಳಿದ್ದು."

"ಸಹಾಯ ಮಾಡಿದವ್ರ ಪಟ್ಟೀಲಿ ನಿನ್ನ ಹೆಸ್ರು ಹಾಕಸ್ತೆ. ಈ ಕ್ಯಾಮೆರಾನೂ ಕೊಟ್ಬಿಡು, ಅಪ್ಪನ ಕ್ಯಾಮೆರಾದ ಪಕ್ಕ ಗಾಜಿನ ಪೆಟ್ಟಿಗೇಲಿ ಇಡ್ವಾ. ಆಗ್ದಾ?"

"ಕೆಟ್ಟದ್ದು ಅಂದ್ಯಲ್ಲ. ಕೆಟ್ಟದ್ದನ್ನ ಪೆಟ್ಟಿಗೇಲಿ ಯಾಕೆ ಇಡೂದು?"

ಅವನ ಮುಖ ಕೆಂಪಾಯಿತು. "ಅಪ್ಪನ ಮನೆ ಉಪ್ಪು ತಿಂದೋಳು ನೀನು. ಅಷ್ಟಾದ್ರೂ ನೆನಪಿರ್ಲಿ."

ಶಂಕರಿ ಕುಂಚವನ್ನು ಬಟ್ಟೆಗೆ ಒರೆಸಿ ಕೆಳಗಿಟ್ಟಳು. "ತಿಂದದ್ದು ಹೌದು. ಬೆವರಲ್ಲಿ ಅಷ್ಟೇ ಉಪ್ಪು ಕೊಟ್ಟದ್ದೂ ಹೌದು. ಸುನೀಲಾ, ಇದ್ನ ಬಿಚ್ಚೂಕೆ ಕಲಿಸಿದ್ದು ನಿನ್ನಪ್ಪ. ಅದ್ನ ಕಾಗ್ದದಲ್ಲಿ ಬರಿತೆ, ದೊಡ್ಡ ಅಕ್ಷರದಲ್ಲೇ ಬರಿತೆ. ಆದ್ರೆ ಕಲ್ಸಿದ್ದು ಅವ್ರದ್ದು, ತೆಗ್ದದ್ದು ನನ್ನದು. ಗುರುದಕ್ಷಿಣೆಗೆ ಬೆರಳು ಕೇಳಿದ ಕತೆ ನಾನೂ ಕೇಳಿದ್ದೆ. ನನ್ನ ಬೆರಳು ನಾನು ಕೊಡೂದಿಲ್ಲ. ಈಗ ಏಳು, ಬೆಳಕಿಗೆ ಅಡ್ಡ ಕೂತಿದ್ಯ."

ಅವನು ಹೋದ ಮೇಲೆ ಒಂದು ಚಹಾ ಕುಡಿದಳು. ಸ್ಪ್ರಿಂಗನ್ನು ಕಾಲು ಸುತ್ತು ಬಿಗಿದು ಗುಂಡಿ ಒತ್ತಿದಳು. ಟಕ್! ನಿಧಾನದ ವೇಗಗಳು ಸತ್ತೇ ಇದ್ದವು, ನಡುವಿನದೊಂದು ಬದುಕಿತ್ತು. ಒಂದು ಸಾಕು.

ಫಿಲ್ಮು ಕೊಟ್ಟವನು ಮದುವೆ ಫೋಟೋಗ್ರಾಫರ್ ಜಗದೀಶ. ಫ್ರಿಜ್ಜಿನಲ್ಲಿ ಮೀನಿನ ಪಕ್ಕ ಹದಿನಾಲ್ಕು ವರ್ಷ ಮಲಗಿದ್ದ ಒಂದೇ ಒಂದು ಕಪ್ಪುಬಿಳುಪು ರೀಲು. ಬುಧವಾರ ಸಂಜೆಯೇ ಅವರ್ಸಾದ ದಂಡೆಯಲ್ಲಿ ನಾಗಿಯನ್ನು ನಿಲ್ಲಿಸಿ ನಾಲ್ಕು ಫ್ರೇಮು ತೆಗೆದಳು. ತೊಳೆಯುವ ಮದ್ದು ಈಗ ಅಂಕೋಲೆಯಲ್ಲಿ ಎಲ್ಲಿ ಸಿಗಬೇಕು? ಕಾಫಿಪುಡಿ, ಬಟ್ಟೆ ಸೋಡಾ, ಮೆಡಿಕಲ್ಲಿನ ವಿಟಮಿನ್ ಸಿ ಗುಳಿಗೆ. ಜಗದೀಶ ಎಲ್ಲೋ ನೋಡಿ ಕಲಿತ ಪಾಕ. ಆಮೇಲೆ ಚಿತ್ರ ನಿಲ್ಲಿಸಲು ಹೈಪೋ. ಸಿಗಡಿ ಕೆರೆಯವರು ನೀರಿನ ಕ್ಲೋರಿನ್ ತೆಗೆಯಲು ಚೀಲಗಟ್ಟಲೆ ತರುತ್ತಾರೆ, ನಾಗಿ ಒಂದು ಸೇರು ಬೇಡಿ ತಂದಿದ್ದಳು. ಗುರುವಾರ ಬೆಳಗ್ಗೆ ಕತ್ತಲಿಗಾಗಿ ಎರಡು ಕಂಬಳಿ ಹೊದ್ದು ಬೆವರುತ್ತ, ತೆಗೆದಷ್ಟು ಫಿಲ್ಮು ಕತ್ತರಿಸಿ ಡಬ್ಬಿಗೆ ಸುತ್ತಿದಳು.

ನಾಲ್ಕೂ ಫ್ರೇಮು ಅರ್ಧ. ಬಲಭಾಗದಲ್ಲಿ ನಾಗಿ, ಎಡಭಾಗದಲ್ಲಿ ಏನೂ ಇಲ್ಲ. ಎರಡನೆಯ ಪರದೆ ಬೇಗ ಓಡಿ ಮೊದಲನೆಯದನ್ನು ಹಿಡಿದುಬಿಟ್ಟಿತ್ತು. ಹಲ್ಲು ಬೀಳಬೇಕಿದ್ದ ಮೂಲೆಯೇ ಕತ್ತಲಲ್ಲಿ.

"ಆಯ್ತು ಬಿಡು," ನಾಗಿಯೂ ಮೊದಲ ಸಲ ಸೋತ ದನಿಯಲ್ಲಿ ಹೇಳಿದಳು. "ಎಷ್ಟಂದ್ರೂ ಮುದಿ ಕಬ್ಣ."

"ನೀನು ಮುದಿ. ನಾನು ಮುದಿ. ಬೈಯೂಕೆ ನಿನ್ನ ಬಾಯಿ ಬತ್ತದೋ ಇಲ್ವೋ?"

"ಬತ್ತದೆ."

"ಹಂಗೇ ಇದ್ಕೂ ಓಡೂಕೆ ಬತ್ತದೆ."

ಶಂಕರಿ ಮತ್ತೆ ಬಿಚ್ಚಿದಳು. ಮೊದಲ ಪರದೆಯ ಉರುಳೆಯ ತುದಿಯಲ್ಲಿ, ಕುಂಚ ಮುಟ್ಟದ ಕಡೆ, ಅಕ್ಕಿಕಾಳಿನಷ್ಟು ಎಣ್ಣೆಯಂಟು ಉಳಿದಿತ್ತು. ಎಂಟು ಹನಿಯಲ್ಲಿ ಕೊನೆಯ ಹನಿ ಇರಬೇಕು. ಸೂಜಿಮೊನೆಯಿಂದ ಕೆದಕಿದಳು, ತೊಳೆದಳು, ಒಣಗಿಸಿದಳು. ಕಿವಿಗಿಟ್ಟು ಗುಂಡಿ ಒತ್ತಿದಾಗ ಸದ್ದು ಬೇರೆಯಾಗಿತ್ತು. ಮೊದಲು ಎರಡು ಸದ್ದು ಒಂದರ ಮೇಲೊಂದು ಬೀಳುತ್ತಿದ್ದವು. ಈಗ ಒಂದರ ಹಿಂದೊಂದು ಓಡಿದವು.

ಶುಕ್ರವಾರ ಬೆಳಗ್ಗೆ ಕಾರವಾರಕ್ಕೇ ಬಸ್ಸು ಹಿಡಿದರು. ಆ ಹಳೆಯ ಫೋಟೋ ತೆಗೆದ ಜಾಗದಲ್ಲಿ ಈಗ ಕಲ್ಲು ಪೇರಿಸಿದ ತಡೆಗೋಡೆ. ಅದರ ಮೇಲೆ ನಾಗಿ ಬುಟ್ಟಿ ಹೊತ್ತು ನಿಂತಳು.

"ನಗ್ಲಾ?"

"ಬೇಡ. ಬೈ."

"ಯಾರಿಗೆ?"

"ಹಾಡು ಅಂತ ಬರ್ದೋರಿಗೆ."

ನಾಗಿ ಬಾಯಿ ತೆರೆದಳು. ವಾಕಿಂಗಿಗೆ ಬಂದವರು ಕಿವಿ ಮುಚ್ಚಿಕೊಂಡು ದೂರ ಸರಿದರು. ಶಂಕರಿ ಆರು ಸಲ ಒತ್ತಿದಳು.

ಹನ್ನೆರಡಕ್ಕೆ ಅವರ್ಸಾ, ಎರಡು ಕಂಬಳಿ, ಕಾಫಿಯ ಪಾಕ. ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದಾಗ ಆರರಲ್ಲಿ ಐದು ಫ್ರೇಮು ಪೂರ್ತಿ ಬಂದಿದ್ದವು. ಮೂಲೆಯಲ್ಲಿ, ಫ್ರೇಮಿನ ಗಡಿ ದಾಟಿ, ಎಳ್ಳಿಗಿಂತ ಚಿಕ್ಕ ಸೊಟ್ಟ ಹಲ್ಲು. ಆಮಂತ್ರಣದ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದಳು. ಅದೇ ಸೊಟ್ಟ.

ಟ್ರಂಕಿನಿಂದ ಕಾಗದ ತೆಗೆದಳು. 'ತಮ್ಮಂಥ ದೊಡ್ಡವರಿಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ, ನನ್ನ ನೆನಪು ತಪ್ಪಿದ್ದರೂ ಇರಬಹುದು' ಎಂದು ಶುರುವಾಗಿತ್ತು. ಆ ಎರಡು ಸಾಲನ್ನು ಓದಲೂ ಬಾರದಂತೆ ಹೊಡೆದು ಹಾಕಿದಳು. ಕೊನೆಗೆ ಸೇರಿಸಿದಳು: 'ಕ್ಯಾಮೆರಾ ನನ್ನ ಮೇಜಿನ ಮೇಲಿದೆ. ನಡೆಯುತ್ತದೆ. ಅನುಮಾನವಿದ್ದವರು ಬಂದು ಒತ್ತಿ ನೋಡಬಹುದು. ಗಾಜಿನ ಪೆಟ್ಟಿಗೆಯಲ್ಲಿರುವುದರ ಬೆನ್ನನ್ನೂ ಒಮ್ಮೆ ತೆರೆಯಿರಿ, ಅದಕ್ಕೆ ಹಲ್ಲಿಲ್ಲ. ಮಹಾಬಲೇಶ್ವರರು ನನ್ನ ಗುರುಗಳು. ಚಿತ್ರದಲ್ಲಿರುವ ನಾಗಿ ಹಾಡುತ್ತಿಲ್ಲ, ಬೈಯುತ್ತಿದ್ದಾಳೆ. ಅದನ್ನೂ ತಿದ್ದಿರಿ.' ಮೂರು ಫ್ರೇಮು ಕತ್ತರಿಸಿ ಒಳಗಿಟ್ಟಳು, ಎರಡನ್ನು ತನಗೆ ಇಟ್ಟುಕೊಂಡಳು.

ಅಂಕೋಲೆಯ ಅಂಚೆ ಕಚೇರಿ ತಲುಪಿದಾಗ ಕಿಟಕಿಯವನು ಕೈಯಾಡಿಸಿದ. "ಇವತ್ತಿನ ಚೀಲ ಕಟ್ಟಿ ಆಯ್ತಮ್ಮಾ. ನಾಳೆ ಬನ್ನಿ."

"ಕಟ್ಟಿದ್ದನ್ನ ಬಿಚ್ಚಿ," ಎಂದಳು ಶಂಕರಿ. "ನಾನು ಸೋಮವಾರದಿಂದ ಅದೇ ಕೆಲ್ಸ ಮಾಡ್ತಾ ಇದ್ದೆ. ಅಷ್ಟೇನೂ ಕಷ್ಟ ಇಲ್ಲ."

ಅವನು ಅವಳ ಮುಖ ನೋಡಿದ. ಅವಳ ಹಿಂದೆ ಬುಟ್ಟಿ ಹಿಡಿದು, ಬಾಯಿ ತೆರೆಯಲು ಸಿದ್ಧಳಾಗಿ ನಿಂತಿದ್ದ ನಾಗಿಯ ಮುಖವನ್ನೂ ನೋಡಿದ. ಲಕೋಟೆ ತೂಗಿದ, ಚೀಟಿ ಅಂಟಿಸಿದ, ಮುದ್ರೆ ಒತ್ತಿದ. ಗೊಣಗುತ್ತಲೇ ಚೀಲದ ಬಾಯಿಯ ಹುರಿ ಬಿಚ್ಚಿ, ಕಾಗದವನ್ನು ಒಳಕ್ಕೆ ಹಾಕಿದ.