ಏಳು ಗ್ರಹಗಳ ರೂಟು

ಇಪ್ಪತ್ತೆರಡು ವರ್ಷ ಹದಿನಾಲ್ಕನೇ ನಂಬರಿನ ಬಸ್ಸು ಓಡಿಸಿದ ಡ್ರೈವರಪ್ಪನಿಗೆ ರಿಟೈರಾದ ಮೇಲೆ ಎಲ್ಲಿಗೆ ಹೋಗಬೇಕೆಂದೇ ತೋಚಲಿಲ್ಲ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಹಾಲಿಗೆ ಶತಪಥ ಹಾಕುತ್ತಿದ್ದ. ಕಂಡಕ್ಟರಮ್ಮ ಒಗ್ಗರಣೆ ಹಾಕುವ ಹೊತ್ತಿಗೇ ಬಂದು ಅಡ್ಡ ನಿಲ್ಲುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಕಂಡಕ್ಟರಮ್ಮ ಎಂದರೆ ಅವನ ಹೆಂಡತಿ. ಅದೇ ಹದಿನಾಲ್ಕನೇ ನಂಬರಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಇಬ್ಬರೂ ಒಂದೇ ತಿಂಗಳಲ್ಲಿ ರಿಟೈರಾಗಿದ್ದರು. ಇನ್ನಾದರೂ ಗಂಡನ ಜೊತೆ ಎಲ್ಲಿಗಾದರೂ ಹೋಗಿಬರಬೇಕು ಎಂಬುದು ಅವಳ ಬಹುದಿನದ ಆಸೆ. ಎಲ್ಲಿಗೆ ಎಂದು ಕೇಳಿದ್ದರೆ ಅವಳೂ ತಡಬಡಾಯಿಸುತ್ತಿದ್ದಳು, ಆ ಮಾತು ಬೇರೆ.

ಅಷ್ಟರಲ್ಲಿ ಡಿಪೊ ಮ್ಯಾನೇಜರ್ ಒಂದು ಫಾರಂ ಕಳಿಸಿಕೊಟ್ಟ. ಟೈಮ್ ಕೀಪರ್ ಕೆಲಸ ಖಾಲಿಯಿದೆ, ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದರಾಯಿತು, ಇಷ್ಟವಿದ್ದರೆ ತಿಂಗಳ ಕೊನೆಯ ಸೋಮವಾರದೊಳಗೆ ಸಹಿ ಹಾಕಿ ಕೊಡಿ ಎಂದಿದ್ದ. ಡ್ರೈವರಪ್ಪ ಫಾರಂ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಕಂಡಕ್ಟರಮ್ಮ ಅದನ್ನು ನೋಡಿದಳು. ಆ ಗೂಡಿಗೆ ಹೊಕ್ಕರೆ ಈ ಮನುಷ್ಯ ಇನ್ನೈದು ವರ್ಷ ತನ್ನ ಕೈಗೆ ಸಿಗುವುದಿಲ್ಲ. ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ಮನೆಯಲ್ಲಿ ಮಂಕಾಗಿ ಕೂತವನನ್ನು ಹಿಡಿದಿಟ್ಟುಕೊಂಡು ತಾನೇನು ಸುಖಪಟ್ಟೇನು ಎಂದು ಸುಮ್ಮನಿದ್ದಳು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪನ ಅವಸ್ಥೆ ನೋಡಲಾರದೆ ಒಂದು ಭಾನುವಾರ ತನ್ನ ವಿಡಿಯೊ ಗೇಮನ್ನು ಹಾಲಿನ ಟಿವಿಗೆ ಸಿಕ್ಕಿಸಿ, ಅದರ ಗುಂಡಿಗಳಿರುವ ಹಿಡಿಯನ್ನು ಅವನ ಕೈಗಿತ್ತಳು.

"ಇದು ಬಾಹ್ಯಾಕಾಶದ ಗೇಮು ಅಪ್ಪ. ನಿಮಗೆ ಒಂದು ಹಡಗು ಕೊಡ್ತಾರೆ. ನಕ್ಷತ್ರಗಳು ಕೋಟಿಗಟ್ಟಲೆ ಇವೆ. ಹೋಗ್ತಾ ಇರೋದು ಅಷ್ಟೆ."

"ಎಲ್ಲಿಗೆ?"

"ಎಲ್ಲಿಗಾದ್ರೂ."

"ಕೊನೇ ಸ್ಟಾಪ್ ಯಾವುದು?"

"ಕೊನೇ ಸ್ಟಾಪ್ ಅಂತ ಇಲ್ಲಪ್ಪ ಇದ್ರಲ್ಲಿ."

"ಹಾಗಿದ್ರೆ ಬೋರ್ಡಲ್ಲಿ ಏನಂತ ಬರೀತಾರೆ?" ಎಂದ ಡ್ರೈವರಪ್ಪ. ಅವನು ತಮಾಷೆ ಮಾಡುತ್ತಿರಲಿಲ್ಲ. ಮಗಳು ಹಣೆ ಚಚ್ಚಿಕೊಂಡು ಎದ್ದುಹೋದಳು.

ಮೊದಲ ಎರಡು ದಿನ ಹಡಗು ಹೊರಟ ಜಾಗದಲ್ಲೇ ಗಿರಕಿ ಹೊಡೆಯಿತು. ಸುತ್ತಲೂ ಕಪ್ಪು, ಅದರ ತುಂಬ ಚುಕ್ಕಿಗಳು, ಒಂದಕ್ಕಿಂತ ಇನ್ನೊಂದು ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಡ್ರೈವರಪ್ಪ ಬೆವೆತುಹೋದ. ಮೂರನೆಯ ದಿನ ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆಯತೊಡಗಿದ. ಕಂಡಕ್ಟರಮ್ಮ ಇಣುಕಿ ನೋಡಿದರೆ ಅದೊಂದು ಟೈಮ್ ಟೇಬಲ್! ಹತ್ತಿರದ ಏಳು ಗ್ರಹಗಳನ್ನು ಆರಿಸಿ ರೂಟು ಮಾಡಿಕೊಂಡಿದ್ದ. ನೀಲಿ ಗ್ರಹ, ಕಲ್ಲು ಗ್ರಹ, ಹಳದಿ ಧೂಳು ಹಾರುವ ಗ್ರಹಕ್ಕೆ ಹಿಟ್ಟಿನ ಗಿರಣಿ, ಹೀಗೆ ಸ್ಟಾಪಿಗೊಂದು ಹೆಸರು. ಒಂದೊಂದರಲ್ಲೂ ಎರಡು ನಿಮಿಷ ನಿಲ್ಲಬೇಕು. ಏಳನೆಯದು ಮುಟ್ಟಿ ಅದೇ ದಾರಿಯಲ್ಲಿ ವಾಪಸ್ಸು. ದಿನಕ್ಕೆ ನಾಲ್ಕು ಟ್ರಿಪ್ಪು.

ಕಂಡಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅವಳೇನು ಕಡಿಮೆಯೇ? ಮರುದಿನ ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಹಾಲಿನಿಂದ ಸದ್ದೇ ಇಲ್ಲ. ಬಂದು ನೋಡಿದರೆ ಹಡಗು ಕಲ್ಲು ಗ್ರಹದ ಮೇಲೆ ನಿಂತಿದೆ, ಎರಡು ನಿಮಿಷ ಕಳೆದು ಐದಾಗಿದೆ, ಡ್ರೈವರಪ್ಪ ಹಿಡಿ ಹಿಡಿದುಕೊಂಡು ಹಾಗೇ ಕೂತಿದ್ದಾನೆ.

"ಯಾಕ್ರೀ, ಕೆಟ್ಟೋಯ್ತಾ?"

"ಇಲ್ವಲ್ಲ," ಎಂದ ಅವನು. ಯಾಕೆ ಕೂತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಕಂಡಕ್ಟರಮ್ಮನಿಗೆ ಥಟ್ಟನೆ ಹೊಳೆಯಿತು. ಕಂಡಕ್ಟರ್ ಹೇಳದೆ ಡ್ರೈವರ್ ಗಾಡಿ ಎತ್ತುವಂತಿಲ್ಲ. ಆ ಕಾಲು ಇಪ್ಪತ್ತೆರಡು ವರ್ಷ ಕಾದದ್ದು ಅವಳ ದನಿಗೆ. ಅವನ ಹಿಂದಿದ್ದ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡು "ರೈಟ್!" ಎಂದಳು. ಹಡಗು ಬುರ್ರನೆ ಎದ್ದಿತು.

ಹೀಗೆ ಒಂದು ವಾರ ನಡೆಯಿತು. ಅವನು ಮುಂದೆ ಸೋಫಾದಲ್ಲಿ, ಅವಳು ಹಿಂದೆ ಕುರ್ಚಿಯಲ್ಲಿ. "ಹೋಲ್ಡಾನ್" ಎಂದರೆ ನಿಲ್ಲುವುದು, "ರೈಟ್" ಎಂದರೆ ಹೊರಡುವುದು. ಡ್ರೈವರಪ್ಪನ ಮುಖಕ್ಕೆ ಕಳೆ ಬಂತು. ಊಟ ಸೇರಿತು. ಅದನ್ನು ನೋಡಿ ಕಂಡಕ್ಟರಮ್ಮ ಖುಷಿಪಡಬೇಕಿತ್ತು, ಆದರೆ ಅವಳ ಜೀವ ಒಳಗೊಳಗೇ ಕುಗ್ಗುತ್ತಿತ್ತು. ಫಾರಂ ಇನ್ನೂ ಜೇಬಿನಲ್ಲೇ ಇತ್ತು. ತಾನೇ ಕೈಯಾರೆ ಹಾಲಿನಲ್ಲೊಂದು ಡಿಪೊ ಕಟ್ಟಿಕೊಟ್ಟು ಇವನನ್ನು ಆ ಗೂಡಿಗೆ ತಯಾರು ಮಾಡುತ್ತಿದ್ದೇನೆ ಅನ್ನಿಸಿತು.

ಶನಿವಾರ ಮಧ್ಯಾಹ್ನ ಹಡಗು ಹಿಟ್ಟಿನ ಗಿರಣಿಯಲ್ಲಿ ನಿಂತಿತ್ತು. ಎರಡು ನಿಮಿಷವಾಯಿತು, ಮೂರಾಯಿತು. ಕಂಡಕ್ಟರಮ್ಮ ತುಟಿ ಬಿಚ್ಚಲಿಲ್ಲ.

"ಏನ್ ಕಂಡಕ್ಟ್ರೇ, ನಿದ್ದೆನಾ?"

"ನಿದ್ದೆ ಅಲ್ಲ. ನನಗೆ ಈ ರೂಟು ಸಾಕಾಗಿದೆ."

ಅವನು ತಿರುಗಿ ನೋಡಿದ.

"ನಾಳಿದ್ದು ನೀವು ಆ ಕೆಲಸಕ್ಕೆ ಹೋಗೋದು ನನಗೆ ಒಂಚೂರೂ ಇಷ್ಟ ಇಲ್ಲ," ಎಂದಳು. ಮೂರು ವಾರದಿಂದ ತಡೆದಿಟ್ಟ ಮಾತು, ನಿಲ್ಲಿಸಲು ಆಗಲಿಲ್ಲ. "ಇಪ್ಪತ್ತೆರಡು ವರ್ಷ ಒಂದೇ ಬಸ್ಸಲ್ಲಿ ಹೋದ್ವಿ, ಒಂದು ದಿನಾನಾದ್ರೂ ಜೊತೆಗೆ ಹೋದ್ವಾ? ನೀವು ರಸ್ತೆ ನೋಡಿದ್ರಿ. ನಾನು ಏನು ನೋಡಿದೆ ಹೇಳಿ? ಜನರ ಕೈ, ಚಿಲ್ಲರೆ, ಮತ್ತೆ ನಿಮ್ಮ ಕತ್ತಿನ ಹಿಂಭಾಗ. ಅಲ್ಲಿ ಎಷ್ಟು ಮಚ್ಚೆ ಇದೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ. ದಾರಿ ಮಾತ್ರ ಹೇಗಿತ್ತು ಅಂತ ಗೊತ್ತಿಲ್ಲ ನನಗೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರೆ ತಾನೇ?"

ಡ್ರೈವರಪ್ಪ ಹಿಡಿಯನ್ನು ತೊಡೆಯ ಮೇಲಿಟ್ಟ. ತಾನು ಕೆಟ್ಟವನಲ್ಲ ಎಂದು ಅವನಿಗೆ ಗೊತ್ತಿತ್ತು, ಕೇಳಿಲ್ಲ ಎಂಬುದೂ ಗೊತ್ತಿತ್ತು. ಆಮೇಲೆ ಸೋಫಾದಲ್ಲಿ ಒಂದಿಷ್ಟು ಸರಿದು ಜಾಗ ಮಾಡಿದ.

"ಇಲ್ಲಿ ಬಾ. ಎಲ್ಲಿಗೆ ಹೋಗೋಣ, ನೀನೇ ಹೇಳು."

ಕಂಡಕ್ಟರಮ್ಮ ಬಂದು ಕೂತಳು. ಕೋಟಿ ಚುಕ್ಕಿ ನೋಡಿ ಅವಳಿಗೂ ತಲೆ ಗಿರ್ರೆಂದಿತು. ಕೊನೆಗೆ ಮೂಲೆಯಲ್ಲಿ ಮಿಣುಕುತ್ತಿದ್ದ, ಯಾವ ಲೆಕ್ಕಕ್ಕೂ ಇಲ್ಲದ ಒಂದು ಕೆಂಪು ಚುಕ್ಕಿಯ ಕಡೆ ಬೆರಳು ತೋರಿಸಿದಳು.

"ಅಲ್ಲಿ ಏನಿದೆ?" ಎಂದ ಅವನು.

"ಗೊತ್ತಿದ್ರೆ ಯಾಕೆ ಹೋಗ್ಬೇಕು?"

"ಅಷ್ಟು ದೂರ ಹೋದ್ರೆ ವಾಪಸ್ ಬರೋಕೆ ಇಂಧನ ಸಾಲಲ್ಲ ಕಣೇ."

"ಸಾಲದಿದ್ರೆ ಅಲ್ಲೇ ಇರೋಣ ಬಿಡಿ."

ಡ್ರೈವರಪ್ಪನ ಹೆಬ್ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ತಡವರಿಸಿತು, ಆಮೇಲೆ ಒತ್ತಿತು. ಏಳು ಗ್ರಹಗಳೂ ಹಿಂದಾದವು. ಕೆಂಪು ಚುಕ್ಕಿ ತಲುಪಲು ಮುಕ್ಕಾಲು ಗಂಟೆ ಹಿಡಿಯಿತು, ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮರಳು, ಒಂದು ಗುಡ್ಡ, ಗುಡ್ಡದಾಚೆ ಇಳಿಯುತ್ತಿದ್ದ ದೊಡ್ಡ ಸೂರ್ಯ. ಇಬ್ಬರೂ ಅದನ್ನೇ ನೋಡುತ್ತ ಕೂತರು. ಅನ್ನ ಸೀದುಹೋದದ್ದು ಮಗಳು ಬಂದು ಕೂಗಿದ ಮೇಲೆ ತಿಳಿಯಿತು.

ಸೋಮವಾರ ಬೆಳಿಗ್ಗೆ ಡ್ರೈವರಪ್ಪ ಕ್ಷೌರ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡ. "ನೀನೂ ಹೊರಡು," ಎಂದಷ್ಟೇ ಹೇಳಿದ. ಡಿಪೊ ಗೇಟಿನ ಹೊರಗೆ ಅವಳನ್ನು ನಿಲ್ಲಿಸಿ ಒಳಹೋದ. ಹೋದ ಮನುಷ್ಯ ಬೇಗ ಬರಲಿಲ್ಲ. ಸಹಿ ಬಿತ್ತು ಎಂದುಕೊಂಡಳು ಕಂಡಕ್ಟರಮ್ಮ. ಅತ್ತರೆ ಹಳೇ ಸಹೋದ್ಯೋಗಿಗಳು ನೋಡಿಯಾರು ಎಂದು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು.

ಅವನು ಬಂದ. ಅವಳ ಬ್ಯಾಗು ತೆಗೆದುಕೊಂಡು ಗೇಟಿನ ಎದುರಿನ ಬಸ್ ಸ್ಟ್ಯಾಂಡಿನ ತುದಿಯಲ್ಲಿ ನಿಂತಿದ್ದ ಬಸ್ಸಿನ ಕಡೆ ನಡೆದ. ಅದು ಹದಿನಾಲ್ಕನೇ ನಂಬರಲ್ಲ. ಅದರ ಬೋರ್ಡನ್ನು ಇಬ್ಬರೂ ಓದಲಿಲ್ಲ. ಹತ್ತಿದ ಮೇಲೆ ಮುಂದಿನ ಗಾಜಿಗೆ ಅಂಟಿದಂತಿದ್ದ ಒಂಟಿ ಸೀಟು ತೋರಿಸಿ, "ಕೂತ್ಕೋ," ಎಂದ.

"ಫಾರಂ?"

"ಖಾಲಿನೇ ವಾಪಸ್ ಕೊಟ್ಟೆ. ಯಾಕೆ ಅಂತ ಕೇಳಿದ್ರು. ಹೇಳೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯ್ತು."

"ಏನಂತ ಹೇಳಿದ್ರಿ?"

"ನನ್ನ ಹೆಂಡತಿ ಇನ್ನೂ ರಸ್ತೆ ನೋಡಿಲ್ಲ ಅಂದೆ."

ಅವನು ಅವಳ ಹಿಂದಿನ ಸೀಟಿನಲ್ಲಿ ಹೋಗಿ ಕೂತ. ಯಾವನೋ ಹೊಸ ಡ್ರೈವರ್ ಗಾಡಿ ಎತ್ತಿದ. ಬಸ್ಸು ತಿರುವು ದಾಟುತ್ತಲೇ ರಸ್ತೆ ಉದ್ದಕ್ಕೂ ಬಿಚ್ಚಿಕೊಂಡು ನೇರ ಅವಳ ಕಡೆಗೇ ಬರತೊಡಗಿತು. ಕಂಡಕ್ಟರಮ್ಮ ಎರಡೂ ಕೈಯಿಂದ ಮುಂದಿನ ಕಂಬಿ ಹಿಡಿದುಕೊಂಡಳು, ಎಲ್ಲಿ ಇಳಿಯುವುದೆಂದು ಕೇಳುವುದನ್ನೇ ಮರೆತಳು.