ಅಮೃತಶಿಲೆಯ ಅಕ್ಕ

ಅಪ್ಪನ ಶವ ಹೊತ್ತವರು ಚರ್ಚಿನೊಳಗೆ ಕಾರ್ಡಿನಲರ ಗೋರಿಯ ಮುಂದೆ ನಿಂತುಬಿಟ್ಟಿದ್ದು ಕಂಡು ಓರ್ಸೊಲಾ ಸಿಡುಕಿದಳು.

"ಇಲ್ಯಾಕೆ ನಿಂತ್ರಿ? ಪಾದ್ರಿಗಳು ಕಾಯ್ತಿದಾರೆ, ನಡೀರಿ."

"ಒಂದ್ಗಳಿಗೆ ಇರ್ಲಿ ಬಿಡೇ," ಎಂದಳು ಪಕ್ಕದ ಮನೆಯ ತುಜಿಯಮ್ಮ. "ನಿಮ್ಮಪ್ಪ ದೊಡ್ಡ ಮಗಳನ್ನ ನೋಡ್ಕೊಂಡು ಹೋಗ್ಲಿ."

"ಬದುಕಿದ್ದಾಗ ನೋಡಿದ್ದು ಸಾಲ್ದಾ?"

ಗೋರಿಗೆ ಒರಗಿ ನಿಂತ ಅಮೃತಶಿಲೆಯ ದೇವದೂತನಿಗೆ ಆರು ವರ್ಷದ ಹುಡುಗಿಯ ಮುಖ. ಈಗಷ್ಟೇ ಓಡಿಬಂದವಳ ಹಾಗೆ ತುಟಿ ತುಸು ತೆರೆದಿತ್ತು. ಗುಂಡುಗೆನ್ನೆ ಒತ್ತಿದರೆ ತಗ್ಗಾದೀತು ಅನ್ನಿಸುತ್ತಿತ್ತು. ರೋಮಿಗೆ ಬಂದ ಯಾತ್ರಿಕರು ಬೆರಳು ಚಾಚಿ ಮುಟ್ಟಿ, ತಣ್ಣಗಿದ್ದುದಕ್ಕೆ ಬೆಚ್ಚಿ ಕೈ ಹಿಂದೆಗೆಯುತ್ತಿದ್ದರು.

* * *

ಆ ಮುಖ ಓರ್ಸೊಲಾಳ ಅಕ್ಕ ಲಿವಿಯಾಳದು. ಅವರ ಅಪ್ಪ ಗಾಸ್ಪರೆ, ಒಬ್ಬ ಶಿಲ್ಪಿಯ ಬಳಿ ಕಲ್ಲು ಉಜ್ಜಿ ನುಣುಪು ಮಾಡುವವನು. ಅಪ್ಪನಿಗೆ ಬುತ್ತಿ ತಂದ ಹುಡುಗಿಯನ್ನು ಶಿಲ್ಪಿ ಬಾಗಿಲಲ್ಲೇ ನಿಲ್ಲಿಸಿ ಚಿತ್ರ ಬರೆದುಕೊಂಡಿದ್ದ. ಉಳಿಯ ಕೆಲಸ ಮುಗಿಯುವಷ್ಟರಲ್ಲಿ ಅವಳು ಜ್ವರದಿಂದ ತೀರಿಹೋಗಿದ್ದಳು. ಆ ಕೆನ್ನೆ ಉಜ್ಜುವುದನ್ನು ಗಾಸ್ಪರೆ ಬೇರೆ ಯಾರಿಗೂ ಬಿಡಲಿಲ್ಲ.

ಓರ್ಸೊಲಾ ಹುಟ್ಟಿದ್ದು ಮರುವರ್ಷ. ಅಪ್ಪ ಶನಿವಾರ ಸಂಜೆ ಎಲ್ಲಿಗೆ ಹೋಗುತ್ತಾನೆಂದು ಚಿಕ್ಕವಳಿದ್ದಾಗ ಒಮ್ಮೆ ಹಿಂಬಾಲಿಸಿದ್ದಳು. ಅಪ್ಪ ಕಲ್ಲಿನ ಕೆನ್ನೆ ಸವರುತ್ತಿದ್ದ. ಅವಳೂ ಹೋಗಿ ತನ್ನ ಕೆನ್ನೆ ಎತ್ತಿ ಹಿಡಿದಳು.

"ಮನೆಗ್ ನಡಿ. ಇಲ್ಲಿ ಚಳಿ," ಎಂದ ಅಪ್ಪ.

ಆಮೇಲೆ ಅವಳು ಆ ಚರ್ಚಿನೊಳಗೆ ಕಾಲಿಡಲಿಲ್ಲ. ಅಪ್ಪನ ಕಣ್ಣು ಹೋದ ಮೇಲೂ ಕೈಹಿಡಿದು ಬಾಗಿಲವರೆಗೆ ತಂದು ಬಿಟ್ಟು, ಹೊರಗೇ ನಿಲ್ಲುತ್ತಿದ್ದಳು.

* * *

ಪ್ರಾರ್ಥನೆ ಮುಗಿಯಿತು. ಚರ್ಚಿನ ದೀಪ ನೋಡಿಕೊಳ್ಳುವ ಮುದುಕ ಎರ್ಕೊಲೆ ಹತ್ತಿರ ಬಂದ.

"ಹೊರಗೇ ನಿಲ್ತಿದ್ದೋಳು ನೀನೇ ಅಲ್ವೇನಮ್ಮ? ಕಾಳಿನ ಸಾರು ಚೆನ್ನಾಗ್ ಮಾಡ್ತೀಯಂತೆ."

"ಯಾರಂದ್ರು?"

"ನಿಮ್ಮಪ್ಪ. ನಂಗಲ್ಲ, ಆ ಮಗೂಗೆ. ಕೆನ್ನೆ ಮೇಲೆ ಕೈಯಿಟ್ಕೊಂಡು ಹೇಳೋದೆಲ್ಲ ನಿನ್ ಸುದ್ದೀನೇ. 'ನಿನ್ ತಂಗಿ ಹೀಗಂದ್ಲು, ಹಾಗ್ ನಕ್ಳು. ನಾನ್ ಒಂದ್ ಒಳ್ಳೆ ಮಾತೂ ಆಡ್ಲಿಲ್ಲ ಕಣೇ ಅವಳ ಹತ್ರ' ಅಂತ ಅಳೋನು."

"ಒಂದೇ ಮನೇಲಿದ್ವಲ್ಲ ತಾತ. ನಂಗೇ ಹೇಳ್ಬೋದಿತ್ತಲ್ಲ?"

"ಹೆದರಿಕೆ ಅಂತಿದ್ದ. ಮುದ್ದು ಮಾಡಿದ್ದನ್ನ ದೇವ್ರು ಕಿತ್ಕೋತಾನಂತೆ."

ಓರ್ಸೊಲಾ ನೆಲ ನೋಡಿದಳು. "ಮೊನ್ನೆ ಒಂದ್ಗಳಿಗೆ ಕೂತ್ಕೋ ಅಂತ ಕರೆದಿದ್ದ. ಕೆಲ್ಸ ಇದೆ ಅಂದ್ಬಿಟ್ಟೆ."



ಅವಳು ಗೋರಿಯ ಬಳಿ ಹೋದಳು. ಅಕ್ಕನ ಒಂದು ಕೆನ್ನೆ, ಅಪ್ಪನ ಕೈಗೆ ಎಟುಕುತ್ತಿದ್ದದ್ದು, ಬೆಣ್ಣೆಯಂತೆ ಹೊಳೆಯುತ್ತಿತ್ತು. ಗೋಡೆಯ ಕಡೆಯದಕ್ಕೆ ಮೇಣದಬತ್ತಿಯ ಮಸಿ ಕೂತಿತ್ತು.

"ನಿಮ್ಮಪ್ಪನ ಗುಂಡಿಗೆ ಕಲ್ಲು ಮುಚ್ತಾರಂತೆ, ಬಾರೇ ಓರ್ಸೊಲಾ!" ತುಜಿಯಮ್ಮ ಕೂಗಿದಳು.

ಓರ್ಸೊಲಾ ಗೋರಿಯ ಮೆಟ್ಟಿಲು ಹತ್ತಿ ನಿಂತಿದ್ದಳು. ಕರಿ ಶಾಲಿನ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಮಗುವಿನ ಗದ್ದವನ್ನು ಗಟ್ಟಿಯಾಗಿ ಹಿಡಿದು, ಮಸಿಯಾದ ಕೆನ್ನೆ ಒರೆಸತೊಡಗಿದಳು.